ದಂಡಪ್ರಮಾಣ ವಿಚಾರ

ಅಪರಾಧವನ್ನು ಮಾಡಿದವನಿಗೆ ದಂಡವಾಗಬೇಕೆಂಬುದರಲ್ಲಿ ಲೋಕದಲ್ಲಿ ಭಿನ್ನಾಭಿಪ್ರಾಯವಿಲ್ಲ. ಎಷ್ಟು ದಂಡ, ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬಲ್ಲಿಗೆ ಬಂದಾಗಲೇ ವಿಚಾರವು ತೊಡಕಾಗುವುದು. ಪೂರ್ವಿಕರು ಈ ತೊಡಕನ್ನು ಅರಿಯದವರಲ್ಲ. ದಂಡವನ್ನು ವಿಧಿಸುವ ಮುನ್ನ ಅರಸನು ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಎಂಬ ಏಳನ್ನು ತಿಳಿದುಕೊಳ್ಳಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಕನ್ನಡ ನೆಲದಲ್ಲಿ ಹುಟ್ಟಿದ ಆ ಗ್ರಂಥವನ್ನು ಭರತಖಂಡದ ಬಹುಭಾಗದ ನ್ಯಾಯಾಲಯಗಳು ಶತಮಾನಗಳವರೆಗೆ ಪ್ರಮಾಣವೆಂದು ಮನ್ನಿಸಿದವು. ಆ ಏಳು ಮಾತುಗಳ ತಾತ್ಪರ್ಯವಿಷ್ಟೆ: ಕೃತ್ಯವೊಂದನ್ನೇ ನೋಡಿ ದಂಡವನ್ನು ಅಳೆಯಬಾರದು, ಕೃತ್ಯದ ಹಿಂದಿರುವ ಕೈಯನ್ನೂ ನೋಡಬೇಕು.

ಈ ಮಾತನ್ನು ಇಂದು ಮತ್ತೆ ನೆನೆಯಬೇಕಾಗಿ ಬಂದಿರುವುದಕ್ಕೆ ಕಾರಣವುಂಟು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1945ರಲ್ಲಿ ನ್ಯೂರೆಂಬರ್ಗಿನಲ್ಲಿಯೂ 1946ರಲ್ಲಿ ಟೋಕಿಯೋದಲ್ಲಿಯೂ ಗೆದ್ದ ರಾಷ್ಟ್ರಗಳು ನ್ಯಾಯಸಭೆಗಳನ್ನು ಕೂಡಿಸಿದಂದಿನಿಂದ, ಕೆಲವು ದುಷ್ಕೃತ್ಯಗಳು ಒಂದು ರಾಜ್ಯದ ಪ್ರಜೆಗೆ ಆದ ಅನ್ಯಾಯಗಳಷ್ಟೇ ಅಲ್ಲ, ಸಮಸ್ತ ಮನುಷ್ಯಕುಲಕ್ಕೆ ಆದ ಅನ್ಯಾಯಗಳು ಎಂಬ ಭಾವನೆಯು ಲೋಕದಲ್ಲಿ ಬಲವಾಯಿತು. ಜನಾಂಗನಾಶ, ಯುದ್ಧಕಾಲದ ಕ್ರೌರ್ಯ, ಚಿತ್ರಹಿಂಸೆ, ಮನುಷ್ಯನನ್ನು ದಾಸನನ್ನಾಗಿ ಮಾಡುವುದು ಮೊದಲಾದವು ಈ ವರ್ಗಕ್ಕೆ ಸೇರಿದವು. ಅಂತರರಾಷ್ಟ್ರೀಯ ಅಪರಾಧಗಳೆಂದು ಇವಕ್ಕೆ ಹೆಸರು.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಲೋಕದ ರಾಷ್ಟ್ರಗಳೆಲ್ಲ ಕೂಡಿ ಈ ಅಪರಾಧಗಳಿಗೆ ಹೆಸರನ್ನಿಟ್ಟುವು. ಆದರೆ ದಂಡದ ಅಳತೆಯನ್ನು ಹೇಳಲಿಲ್ಲ. ದಾಸ್ಯವನ್ನು ಕುರಿತ 1926ರ ಒಪ್ಪಂದವು ಕಠಿನವಾದ ದಂಡವಿರಲಿ ಎಂದಿತು. ಜನಾಂಗನಾಶವನ್ನು ಕುರಿತ 1948ರ ಒಪ್ಪಂದವೂ, ಯುದ್ಧದಲ್ಲಿ ಸಿಕ್ಕಿದವರ ರಕ್ಷಣೆಗಾಗಿ ಜಿನೀವಾದಲ್ಲಿ ಆದ 1949ರ ಒಪ್ಪಂದಗಳೂ ಪರಿಣಾಮಕಾರಿಯಾದ ದಂಡವಿರಲಿ ಎಂದವು. ಕಠಿನವೆಂದರೆ ಎಷ್ಟು ವರ್ಷ, ಪರಿಣಾಮಕಾರಿಯೆಂದರೆ ಯಾರ ಮೇಲೆ, ಎಂಬುದನ್ನು ಆಯಾ ದೇಶದ ಶಾಸನಸಭೆಗೇ ಬಿಡಲಾಯಿತು. 1998ರಲ್ಲಿ ರೋಮ್ ನಗರದಲ್ಲಿ ಆದ ಒಡಂಬಡಿಕೆಯಿಂದ ಸ್ಥಾಪಿತವಾದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಮಾತ್ರ ಒಂದು ಅಳತೆಯುಂಟು: ಮೂವತ್ತು ವರ್ಷಗಳವರೆಗಿನ ಕಾರಾಗೃಹವಾಸ, ಅತ್ಯಂತ ಘೋರವಾದಲ್ಲಿ ಆಜೀವ ಕಾರಾಗೃಹವಾಸ, ಮರಣದಂಡನೆಯಿಲ್ಲ. ಆ ಅಳತೆಯು ಆ ನ್ಯಾಯಾಲಯದ್ದೇ ಹೊರತು ರಾಷ್ಟ್ರಗಳ ಸ್ವಂತ ಕಾಯಿದೆಗಳನ್ನು ಕಟ್ಟುವುದಿಲ್ಲ. ಭಾರತವಂತೂ ಆ ಒಡಂಬಡಿಕೆಗೆ ಸೇರಿಲ್ಲ. ಅಂತೂ ಅಪರಾಧವು ಲೋಕದ್ದು, ತಕ್ಕಡಿಯು ಆಯಾ ದೇಶದ್ದು ಎಂದಾಯಿತು.

ಭಾರತದ ತಕ್ಕಡಿಯು ಎಂತಹದು? ಜಿನೀವಾ ಒಪ್ಪಂದಗಳಿಗಾಗಿ 1960ರಲ್ಲಿ ಒಂದು ಕಾಯಿದೆಯಾಯಿತು. ರಕ್ಷಣೆಗೆ ಅರ್ಹನಾದವನನ್ನು ಬುದ್ಧಿಪೂರ್ವಕವಾಗಿ ಕೊಂದರೆ ಮರಣ ಅಥವಾ ಆಜೀವ ಕಾರಾಗೃಹವಾಸ; ಉಳಿದ ಘೋರ ಉಲ್ಲಂಘನೆಗಳಿಗೆ ಹದಿನಾಲ್ಕು ವರ್ಷಗಳವರೆಗೆ ಎಂದು ಅದು ವಿಧಿಸಿತು. ಆದರೆ ಸರಕಾರದ ಕಡೆಯಿಂದ ಫಿರ್ಯಾದಿಯಾಗದ ಹೊರತು ಯಾವ ನ್ಯಾಯಾಲಯವೂ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ನೊಂದವನು ತಾನಾಗಿ ಬಾಗಿಲನ್ನು ತಟ್ಟಲಾರನು. ಜನಾಂಗನಾಶದ ಒಪ್ಪಂದವನ್ನು ಭಾರತವು 1959ರಲ್ಲಿ ಸ್ಥಿರೀಕರಿಸಿತಾದರೂ ಅದಕ್ಕೆಂದೇ ಕಾಯಿದೆಯೊಂದನ್ನು ಮಾಡಲಿಲ್ಲ. 1984ರ ದಿಲ್ಲಿಯ ಹತ್ಯೆಗಳಿಗೆ ಸಂಬಂಧಿಸಿದ ಒಂದು ಮೇಲ್ಮನವಿಯನ್ನು 2018ರ ಡಿಸೆಂಬರಿನಲ್ಲಿ ತೀರ್ಮಾನಿಸುವಾಗ ದಿಲ್ಲಿಯ ಉಚ್ಚ ನ್ಯಾಯಾಲಯವು, ಜನಾಂಗನಾಶವಾಗಲಿ ಮಾನವಕುಲದ ವಿರುದ್ಧದ ಅಪರಾಧಗಳಾಗಲಿ ಈ ದೇಶದ ದಂಡಸಂಹಿತೆಯಲ್ಲಿ ಇಲ್ಲವೆಂದೂ ಈ ಕೊರತೆಯನ್ನು ತೀವ್ರವಾಗಿ ತುಂಬಬೇಕೆಂದೂ ಹೇಳಬೇಕಾಯಿತು.

ಇವೆಲ್ಲ ದೂರದ ಮಾತುಗಳೆಂದು ಚಿಕ್ಕೋಡಿಯ ಅಥವಾ ಅಥಣಿಯ ಗೃಹಸ್ಥರಿಗೆ ತೋರಬಹುದು. ಯುದ್ಧಾಪರಾಧಗಳ ಮಟ್ಟಿಗೆ ಅದು ದಿಟ. ಆದರೆ ದಾಸ್ಯವೆಂಬ ಅಪರಾಧವು ಹಾಗಲ್ಲ. ಅದು ಈ ಸೀಮೆಯ ಹಳ್ಳಿಗಳಲ್ಲಿ, ವಾದ್ಯಗಳ ಘೋಷದೊಡನೆ, ಅರಿಸಿನ ಭಂಡಾರದ ನಡುವೆ, ದೇವರ ಹೆಸರಿನಲ್ಲಿ ನಡೆದುಕೊಂಡು ಬಂದಿತ್ತು. ಮುತ್ತು ಕಟ್ಟುವುದೆಂದು ಅದಕ್ಕೆ ಹೆಸರು.

ಸವದತ್ತಿಯ ಎಲ್ಲಮ್ಮನ ಗುಡ್ಡವಾಗಲಿ, ಅಥಣಿ ತಾಲೂಕಿನ ಕೊಕಟನೂರಿನ ಎಲ್ಲಮ್ಮನಾಗಲಿ ಈ ಭಾಗದ ಜನರಿಗೆ ಪರಿಚಯಿಸಬೇಕಾದ ಕ್ಷೇತ್ರಗಳಲ್ಲ. ಲಕ್ಷಾಂತರ ಜನರ ಭಕ್ತಿಯು ನಿರ್ಮಲವಾದುದು. ಅದನ್ನು ಇಲ್ಲಿ ಆಕ್ಷೇಪಿಸುವುದಿಲ್ಲ. ಆ ಭಕ್ತಿಯ ನೆರಳಿನಲ್ಲಿ ನಡೆದುದಷ್ಟೇ ಪ್ರಕೃತ. ಮನೆಯಲ್ಲಿ ಗಂಡುಸಂತಾನವಿಲ್ಲ, ಮಗುವಿನ ತಲೆಯಲ್ಲಿ ಜಡೆ ಕಟ್ಟಿದೆ, ರೋಗವು ವಾಸಿಯಾಗಲೊಲ್ಲದು ಎಂಬ ಏನೋ ಒಂದು ನೆವದಿಂದ, ಬಹುಮಟ್ಟಿಗೆ ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಬಡವರ ಮನೆಯ ಹೆಣ್ಣುಮಗುವಿಗೆ ಕೆಂಪು ಬಿಳಿ ಮಣಿಗಳ ಸರವನ್ನು ಕಟ್ಟುತ್ತಿದ್ದರು. ಮಗುವು ಮೈನೆರೆದ ಬಳಿಕ ಊರಿನ ಹಣವಂತನೊಬ್ಬನು ಮನೆಯವರಿಗೆ ಸೀರೆ, ಧಾನ್ಯ, ರೊಕ್ಕವನ್ನು ಕೊಟ್ಟು ಅವಳನ್ನು ತನ್ನವಳನ್ನಾಗಿ ಮಾಡಿಕೊಳ್ಳುತ್ತಿದ್ದನು. ಅವನು ಬಿಟ್ಟ ಮೇಲೆ ಕೆಲವರಿಗೆ ಜೋಗ, ಕೆಲವರಿಗೆ ಸಾಂಗಲಿ, ಪುಣೆ, ಮುಂಬಯಿಗಳ ಓಣಿ. ಕರ್ನಾಟಕ ಸರಕಾರವು 1993-94ರಲ್ಲಿ ನಡೆಸಿದ ಗಣತಿಯಲ್ಲಿ 22,873 ದೇವದಾಸಿಯರೂ 2007-08ರ ಗಣತಿಯಲ್ಲಿ ಮತ್ತೆ 23,787 ಮಂದಿಯೂ ಗುರುತಿಸಲ್ಪಟ್ಟರು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳು ಈ ಪದ್ಧತಿಯು ಬೇರುಬಿಟ್ಟ ಪ್ರದೇಶದೊಳಗಿನವೇ.

ಇದು ದಾಸ್ಯವೇ ಎಂದು ಸಂಶಯಪಡುವವರು 1956ರಲ್ಲಿ ವಿಶ್ವಸಂಸ್ಥೆಯು ಮಾಡಿದ ಪೂರಕ ಒಪ್ಪಂದವನ್ನು ನೋಡಬೇಕು. ಹದಿನೆಂಟು ತುಂಬದ ಮಗುವನ್ನು ತಂದೆತಾಯಿಗಳಾಗಲಿ ಪೋಷಕರಾಗಲಿ, ಪ್ರತಿಫಲವನ್ನು ಪಡೆದೋ ಪಡೆಯದೆಯೋ, ಅದರ ಶೋಷಣೆಗಾಗಿ ಇನ್ನೊಬ್ಬನ ಕೈಗೊಪ್ಪಿಸುವುದು ದಾಸ್ಯಸದೃಶವಾದ ಪದ್ಧತಿಯೆಂದು ಅದು ಸ್ಪಷ್ಟವಾಗಿ ಹೇಳಿದೆ. ಭಾರತವು ಅದನ್ನು 1960ರಲ್ಲಿ ಒಪ್ಪಿಕೊಂಡಿತು. ಆದ್ದರಿಂದ ಕೊಕಟನೂರಿನ ದಾರಿಯಲ್ಲಿ ಕಟ್ಟಿದ ಮುತ್ತು, ಲೋಕವೇ ಹೆಸರಿಟ್ಟ ಅಪರಾಧವೊಂದರ ಕುರುಹು. ಇದರ ದಂಡವನ್ನು ಇಲ್ಲಿಯ ಕಾಯಿದೆಗಳು ಹೇಗೆ ಅಳೆದವು ಎಂಬುದೇ ಈಗಿನ ಪ್ರಶ್ನೆ.

ರಾಯಬಾಗವು ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ಶಾಹೂ ಮಹಾರಾಜರು 1920ರಲ್ಲಿ ಈ ಪದ್ಧತಿಯನ್ನು ತಮ್ಮ ಸೀಮೆಯಲ್ಲಿ ನಿಷೇಧಿಸಿದರು. ಚಿಕ್ಕೋಡಿ ಅಥಣಿಗಳು ಮುಂಬಯಿ ಇಲಾಖೆಯಲ್ಲಿದ್ದವು. ಅಲ್ಲಿ 1934ರ ಕಾಯಿದೆಯು ಒಂದು ವರ್ಷದವರೆಗಿನ ಸೆರೆಯನ್ನು ವಿಧಿಸಿತು. ಕರ್ನಾಟಕದ ಕಾಯಿದೆಯು 1982ರಲ್ಲಿ ಅಂಗೀಕೃತವಾಗಿ 1984ರಲ್ಲಿ ಹೊರಬಿದ್ದಿತು. ಅದರಲ್ಲಿ ಸಮರ್ಪಣೆಯ ವಿಧಿಯನ್ನು ನಡೆಸಿದವನಿಗೂ, ಅನುಮತಿಸಿದವನಿಗೂ, ಪಾಲ್ಗೊಂಡವನಿಗೂ, ಪ್ರೇರೇಪಿಸಿದವನಿಗೂ ಮೂರು ವರ್ಷಗಳವರೆಗಿನ ಸೆರೆ ಮತ್ತು ಎರಡು ಸಾವಿರ ರೂಪಾಯಿಗಳವರೆಗಿನ ದಂಡ. ಅಪರಾಧಿಯು ತಂದೆಯೋ ತಾಯಿಯೋ ಪೋಷಕನೋ ಸಂಬಂಧಿಕನೋ ಆಗಿದ್ದರೆ, ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷಗಳವರೆಗಿನ ಸೆರೆ, ಎರಡು ಸಾವಿರಕ್ಕೆ ಕಡಿಮೆಯಿಲ್ಲದೆ ಐದು ಸಾವಿರದವರೆಗಿನ ದಂಡ. ಕಾಗವಾಡದಿಂದ ಮಿರಜಿಗೆ ದೂರವೇನೂ ಇಲ್ಲ. ಆದರೂ ಗಡಿಯ ಆಚೆ, ಮಹಾರಾಷ್ಟ್ರದ 2005ರ ಹೊಸ ಕಾಯಿದೆಯು ಬರುವವರೆಗೆ, ಹಳೆಯ ಒಂದು ವರ್ಷದ ಅಳತೆಯೇ ಇತ್ತು. ಒಂದೇ ದೇವಿಗೆ ಒಂದೇ ಬಗೆಯ ಮಣಿಯನ್ನು ಕಟ್ಟಿದ ಇಬ್ಬರು ತಾಯಂದಿರಲ್ಲಿ, ಈಚೆಯವಳಿಗೆ ಐದು ವರ್ಷ, ಆಚೆಯವಳಿಗೆ ಒಂದು. ಲೋಕದ ರಾಷ್ಟ್ರಗಳು ಅಳತೆಯನ್ನು ಹೇಳದೆ ಬಿಟ್ಟುದರ ಫಲವನ್ನು ಇಲ್ಲಿಯ ಗಡಿಯಲ್ಲೇ ಕಾಣಬಹುದು.

ಇನ್ನೂ ಒಂದು ತೊಡಕುಂಟು. 2013ರಲ್ಲಿ ಭಾರತೀಯ ದಂಡಸಂಹಿತೆಯ 370ನೆಯ ಕಲಮನ್ನು ಹೊಸದಾಗಿ ಬರೆದು, ಶೋಷಣೆಗಾಗಿ ಮನುಷ್ಯರನ್ನು ಸಾಗಿಸುವುದನ್ನೂ ಇಟ್ಟುಕೊಳ್ಳುವುದನ್ನೂ ಪಡೆಯುವುದನ್ನೂ ಅಪರಾಧವೆಂದು ಸಾರಲಾಯಿತು. ದಾಸ್ಯಸದೃಶ ಪದ್ಧತಿಗಳೆಂಬ 1956ರ ಒಪ್ಪಂದದ ಮಾತೇ ಅದರೊಳಕ್ಕೆ ಬಂದು ಸೇರಿತು. ಅಪ್ರಾಪ್ತವಯಸ್ಕಳ ವಿಷಯದಲ್ಲಿ ಅದರ ದಂಡವು ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಆಜೀವ ಕಾರಾಗೃಹವಾಸದವರೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 143ನೆಯ ಕಲಮಿನಲ್ಲಿಯೂ ಇದೇ ಅಳತೆಯು ಮುಂದುವರಿದಿದೆ. ಹೀಗೆ ಒಂದೇ ಕೃತ್ಯವನ್ನು ಧಾರ್ಮಿಕ ಸಮಾರಂಭವೆಂದು ಕಂಡರೆ ಮೂರು ವರ್ಷ, ಮನುಷ್ಯರ ವ್ಯಾಪಾರವೆಂದು ಕಂಡರೆ ಆಜೀವ. ಯಾವ ಕಣ್ಣಿನಿಂದ ಕಾಣಬೇಕೆಂಬುದು ಠಾಣೆಯಲ್ಲಿ ಫಿರ್ಯಾದಿಯನ್ನು ಬರೆದುಕೊಳ್ಳುವ ಕೈಯ ಮೇಲೆ ನಿಂತಿತು.

ಈಗ ಹಳೆಯ ಗ್ರಂಥವೊಂದರ ಅಳತೆಯನ್ನು ಹೋಲಿಸಿ ನೋಡುವುದು ಉಪಯುಕ್ತ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರದ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ ದಾಸರ ವಿಚಾರವು ಬಂದಿದೆ. ಪ್ರಾಯಕ್ಕೆ ಬಾರದ ಆರ್ಯಬಾಲಕನನ್ನು ಸ್ವಜನರೇ ಮಾರಿದರೆ ಅಥವಾ ಒತ್ತೆಯಿಟ್ಟರೆ, ಬಾಲಕನು ಶೂದ್ರನಾಗಿದ್ದಲ್ಲಿ ಹನ್ನೆರಡು ಪಣ, ವೈಶ್ಯನಾಗಿದ್ದಲ್ಲಿ ಇಪ್ಪತ್ತನಾಲ್ಕು, ಕ್ಷತ್ರಿಯನಾಗಿದ್ದಲ್ಲಿ ಮೂವತ್ತಾರು, ಬ್ರಾಹ್ಮಣನಾಗಿದ್ದಲ್ಲಿ ನಾಲ್ವತ್ತೆಂಟು. ಮಾರಿದವನು ಪರಜನನಾಗಿದ್ದರೆ ಇದೇ ಕ್ರಮದಲ್ಲಿ ಪೂರ್ವ, ಮಧ್ಯಮ, ಉತ್ತಮವೆಂಬ ದೊಡ್ಡ ದಂಡಗಳು, ಕಡೆಗೆ ವಧೆ. ಕೊಂಡವನಿಗೂ, ವ್ಯವಹಾರಕ್ಕೆ ಕಿವಿಗೊಟ್ಟು ಸಾಕ್ಷಿಯಾದವನಿಗೂ ಹಾಗೆಯೇ.

ಈ ವಿಧಿಯಲ್ಲಿ ಒಂದು ದೋಷವೂ ಒಂದು ಗುಣವೂ ಇವೆ. ದೋಷವು ಕಣ್ಣಿಗೆ ಹೊಡೆಯುವಂತಿದೆ: ಮಗುವಿನ ಬೆಲೆಯನ್ನು ಅದರ ವರ್ಣದಿಂದ ಕಟ್ಟಲಾಗಿದೆ. ಶೂದ್ರನ ಮಗುವನ್ನು ಮಾರಿದ ಪಾಪವು ಹನ್ನೆರಡು ಪಣಕ್ಕೆ ತೀರುವುದೆಂಬುದನ್ನು ಶಾಸ್ತ್ರಾಭಿಮಾನದಿಂದ ಸಮರ್ಥಿಸುವುದು ಯೋಗ್ಯವಲ್ಲ, ಅದು ಅನ್ಯಾಯ. ವರ್ಣಗಳ ಎಣಿಕೆಗೇ ಸಿಕ್ಕದ ಪಂಚಮನ ಮಗುವಿಗೆ ಅಲ್ಲಿ ಒಂದು ಪಣವನ್ನೂ ಹೇಳಿಲ್ಲ. ಮುತ್ತು ಕಟ್ಟಿಸಿಕೊಂಡ ಮಕ್ಕಳು ಬಹುತರವಾಗಿ ಆ ಎಣಿಕೆಯ ಹೊರಗಿನವರೇ ಎಂಬುದನ್ನು ಮರೆಯಲಾಗದು. ಇಂದಿನ ಕಾಯಿದೆಯಲ್ಲಿ ಅಂತಹ ಬರಹವಿಲ್ಲ. ಬರಹದಲ್ಲಿ ಇಲ್ಲದ್ದು ನಡವಳಿಕೆಯಲ್ಲಿ ಉಳಿದಿದೆಯೇ ಎಂಬುದನ್ನು ಆತ್ಮಸಾಕ್ಷಿಯುಳ್ಳವರು ಕೇಳಿಕೊಳ್ಳಬೇಕು. ಮೇಲುವರ್ಗದ ಮನೆಯ ಹನ್ನೆರಡು ವರ್ಷದ ಕನ್ಯೆಯೊಬ್ಬಳು ಹೀಗೆ ಒಪ್ಪಿಸಲ್ಪಟ್ಟಿದ್ದರೆ, ಇದು ಆ ಜನರ ಪದ್ಧತಿ ಎಂದು ಯಾರಾದರೂ ಸುಮ್ಮನಿರುತ್ತಿದ್ದರೇ?

ಗುಣವಾದರೋ ಇದು: ಕೌಟಿಲ್ಯನು ಸ್ವಜನರ ದಂಡವನ್ನು ಹಗುರ ಮಾಡಿ ಪರಜನರ ದಂಡವನ್ನು ಭಾರ ಮಾಡಿದನು, ಕೊಂಡವನನ್ನು ಹೆಸರಿಸಿ ಕಟಕಟೆಗೆ ತಂದನು. 1982ರ ಕಾಯಿದೆಯು ಇದಕ್ಕೆ ನೇರವಾಗಿ ವಿರುದ್ಧವಾದ ದಾರಿಯನ್ನು ಹಿಡಿಯಿತು. ಸ್ವಜನರಿಗೆ ಭಾರ, ಪರಜನರಿಗೆ ಹಗುರ. ಕೊಂಡವನ ಹೆಸರೇ ಇಲ್ಲ. ಅವನು ಮುತ್ತು ಕಟ್ಟುವ ದಿನ ಗುಡಿಯಲ್ಲಿ ಇರುವವನಲ್ಲ. ಕೆಲವು ವರ್ಷಗಳ ಮೇಲೆ ಮನೆಗೆ ಬರುವವನು. ಸಮಾರಂಭವನ್ನು ದಂಡಿಸುವ ಕಾಯಿದೆಯ ಬಲೆಗೆ ಅವನು ಸುಲಭವಾಗಿ ಬೀಳುವುದಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಹೆತ್ತವರಿಗೆ ಹೆಚ್ಚಿನ ದಂಡವನ್ನು ವಿಧಿಸಿದುದು ಯುಕ್ತವೇ ಸರಿ. ಪರರು ಕೆಡಿಸಿದರೆ ಮಗುವು ತಾಯಿಯ ಬಳಿಗೆ ಓಡುವುದು, ತಾಯಿಯೇ ಕೆಡಿಸಿದರೆ ಎಲ್ಲಿಗೆ ಓಡಬೇಕು? ಕಾಯುವವರ ದ್ರೋಹವು ಪರರ ದ್ರೋಹಕ್ಕಿಂತ ಹೀನವಾದುದು. ತಾಯ್ತಂದೆಗಳು ಒಪ್ಪದೆ ಮುತ್ತು ಕಟ್ಟುವಂತೆಯೇ ಇಲ್ಲವಾದ್ದರಿಂದ, ಅವರಲ್ಲಿ ಭಯವನ್ನು ಹುಟ್ಟಿಸಿದರೆ ಪದ್ಧತಿಯು ಬುಡದಲ್ಲೇ ಕತ್ತರಿಸಿ ಬೀಳುವುದು. ಈ ವಾದವನ್ನು ತೃಣೀಕರಿಸಲಾಗದು. ವಿಶ್ವಾಸಘಾತವು ಪಾಪವನ್ನು ಹೆಚ್ಚಿಸುತ್ತದೆಂಬುದು ಸರ್ವಸಮ್ಮತ. ಮಗಳ ಗಳಿಕೆಯ ಮೇಲೆ ಕಣ್ಣಿಟ್ಟೇ ಅವಳನ್ನು ಒಪ್ಪಿಸಿದ ಹೆತ್ತವರೂ ಇಲ್ಲದಿಲ್ಲ; ಅವರು ಕರುಣೆಗೆ ಪಾತ್ರರೆಂದು ಯಾರೂ ಹೇಳರು.

ಆದರೂ ಸಿದ್ಧಾಂತವು ಬೇರೆಯೇ ಆಗುತ್ತದೆ. ಯಾಜ್ಞವಲ್ಕ್ಯನ ಏಳು ಮಾತುಗಳಲ್ಲಿ ಬಲ, ವಿತ್ತ ಎಂಬೆರಡನ್ನು ಇಲ್ಲಿ ತೂಗಿ ನೋಡಬೇಕು. ಮುತ್ತು ಕಟ್ಟಿಸಿದ ತಾಯಿಯು ಅನೇಕ ವೇಳೆ ತಾನೂ ಮುತ್ತು ಕಟ್ಟಿಸಿಕೊಂಡವಳೇ. ಅವಳನ್ನು ಎಂಟನೆಯ ವಯಸ್ಸಿನಲ್ಲಿ ಒಪ್ಪಿಸಿದಾಗ ಲೋಕವು ಅವಳನ್ನು ನೊಂದವಳೆಂದು ಕರೆಯಿತು. ಮೂವತ್ತರಲ್ಲಿ ಅವಳು ಮಗಳನ್ನು ಒಪ್ಪಿಸಿದಾಗ ಅಪರಾಧಿಯೆಂದು ಕರೆಯಿತು. ನಡುವಣ ಇಪ್ಪತ್ತೆರಡು ವರ್ಷಗಳಲ್ಲಿ ಅವಳಿಗೆ ಬೇರೊಂದು ದಾರಿಯನ್ನು ತೋರಿದವರು ಯಾರು? ಮಗಳಿಗೆ ವರನನ್ನು ತರಬಲ್ಲ ತಂದೆಯ ಹೆಸರಿಲ್ಲ, ಹೊಲವಿಲ್ಲ, ಅಕ್ಷರವಿಲ್ಲ. ಸೆರೆಮನೆಯ ಭಯವು ದಾರಿಯುಳ್ಳವನನ್ನು ತಡೆಯಬಲ್ಲದು. ದಾರಿಯಿಲ್ಲದವನನ್ನು ಮರೆಮಾಚಿ ನಡೆಯುವಂತೆ ಮಾಡಬಲ್ಲದು, ಅಷ್ಟೇ. ಬಯಲಿನಲ್ಲಿ ವಾದ್ಯಗಳೊಡನೆ ನಡೆಯುತ್ತಿದ್ದುದು ಕಾಯಿದೆಯಾದ ಮೇಲೆ ಮನೆಯೊಳಗೆ, ಕತ್ತಲೆಯಲ್ಲಿ ನಡೆಯತೊಡಗಿದುದನ್ನು ಈ ಭಾಗದವರು ಬಲ್ಲರು.

ಇದಕ್ಕಿಂತಲೂ ಗಂಭೀರವಾದ ದೋಷವು ಇನ್ನೊಂದು. ಇಂತಹ ಅಪರಾಧಕ್ಕೆ ಸಾಕ್ಷಿ ಯಾರು? ಒಪ್ಪಿಸಲ್ಪಟ್ಟ ಮಗಳೇ. ಅವಳು ನ್ಯಾಯಾಧೀಶರ ಮುಂದೆ ಬಾಯಿ ತೆರೆದರೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕಾಲ, ಸೆರೆಗೆ ಹೋಗುವವಳು ಅವಳ ತಾಯಿ. ಮನೆಯಲ್ಲಿ ಎಳೆಯ ತಮ್ಮಂದಿರಿರುತ್ತಾರೆ, ಕಣ್ಣು ಕಾಣದ ಅಜ್ಜಿಯಿರುತ್ತಾಳೆ. ಯಾವ ಮಗಳು ಬಾಯಿ ತೆರೆದಾಳು? ಅವಳು ಸುಮ್ಮನಿದ್ದರೆ ತಾಯಿಯೂ ಉಳಿದಳು, ಮಣಿ ಕಟ್ಟಿದ ಪೂಜಾರಿಯೂ ಉಳಿದನು, ರೊಕ್ಕ ಕೊಟ್ಟು ಕೊಂಡವನೂ ಉಳಿದನು. ದುರ್ಬಲರ ಮೇಲೆ ಹೊರಿಸಿದ ಭಾರವಾದ ದಂಡವೇ ಬಲಿಷ್ಠರಿಗೆ ಕೋಟೆಯಾಯಿತು. ಅತಿಯಾದ ದಂಡವು ಜನರನ್ನು ಹೆದರಿಸಿ ದೂರ ಮಾಡುವುದು, ಅತಿ ಮೃದುವಾದುದು ಅಲಕ್ಷ್ಯಕ್ಕೆ ಗುರಿಯಾಗುವುದು, ಯಥಾರ್ಹವಾದುದೇ ಪೂಜ್ಯವಾಗುವುದು ಎಂಬ ಕೌಟಿಲ್ಯನ ಅಭಿಪ್ರಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ. ಇಲ್ಲಿ ಒಂದೇ ಕಾಯಿದೆಯು ತಾಯಿಗೆ ತೀಕ್ಷ್ಣವೂ ಕೊಂಡವನಿಗೆ ಮೃದುವೂ ಆಗಿದ್ದಿತು.

ಹಾಗಾದರೆ ತಾಯಿಗೆ ಏನೂ ಬೇಡವೇ? ಬೇಕು. ಧರ್ಮಶಾಸ್ತ್ರವು ದಂಡವನ್ನೂ ಪ್ರಾಯಶ್ಚಿತ್ತವನ್ನೂ ಬೇರೆಬೇರೆಯಾಗಿ ಇಟ್ಟಿದೆ. ದಂಡವನ್ನು ಅರಸನು ಹೊರಗಿನಿಂದ ಹೊರಿಸುವನು. ಪ್ರಾಯಶ್ಚಿತ್ತವನ್ನು ಮನುಷ್ಯನು ತಾನಾಗಿ ಹೊರುವನು. ಗತ್ಯಂತರವಿಲ್ಲದೆ ತಪ್ಪು ಮಾಡಿದವಳಿಗೆ ಎರಡನೆಯ ದಾರಿಯನ್ನು ತೆರೆಯುವುದು ರಾಜನೀತಿಗೆ ಅವಮಾನವಲ್ಲ. ಇದು ಬರಿಯ ಕಲ್ಪನೆಯೂ ಅಲ್ಲ. ಹಿಂದೆ ಮುತ್ತು ಕಟ್ಟಿಸಿಕೊಂಡ ಸ್ತ್ರೀಯರೇ ಕೂಡಿ 1997ರಲ್ಲಿ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಊರೂರಿಗೆ ಹೋಗಿ, ಜಡೆಯನ್ನು ಬಿಡಿಸಿ ತೋರಿಸಿ, ಇದು ದೇವಿಯ ಕರೆಯಲ್ಲ, ತಲೆ ಬಾಚದ ಫಲ ಎಂದು ತಾಯಂದಿರಿಗೆ ತಿಳಿಯ ಹೇಳುವ ಕೆಲಸವನ್ನು ಇಂತಹ ಸ್ತ್ರೀಯರು ಮಾಡಿದರು. ತಮಗಾದುದು ಇನ್ನೊಂದು ಮಗುವಿಗೆ ಆಗದಂತೆ ಕಾಯುವುದಕ್ಕಿಂತ ಹಿರಿದಾದ ಪ್ರಾಯಶ್ಚಿತ್ತವು ಸ್ಮೃತಿಗಳಲ್ಲಿಯೂ ಸಿಕ್ಕದು. ಸರಕಾರದ ಗಣತಿ, ಮಾಸಾಶನ, ಮನೆ, ಮಕ್ಕಳ ವಿದ್ಯಾಭ್ಯಾಸ ಇವೂ ಮೆಲ್ಲಗೆ ಕೂಡಿಬಂದವು. ಮುತ್ತು ಕಟ್ಟುವುದು ಕಡಿಮೆಯಾಗಿದ್ದರೆ ಅದಕ್ಕೆ ಸೆರೆಮನೆಗಿಂತ ಈ ಕೆಲಸಗಳೇ ಹೆಚ್ಚಿನ ಕಾರಣವೆನ್ನಬೇಕು.

ಕೊಂಡವನ ವಿಷಯದಲ್ಲಿ ಮಾತ್ರ ಪ್ರಾಯಶ್ಚಿತ್ತದ ಮಾತು ಸಲ್ಲದು. ಅವನಿಗೆ ಬಲವಿತ್ತು, ವಿತ್ತವಿತ್ತು, ವಯಸ್ಸಿತ್ತು, ಬೇರೆ ದಾರಿಯೂ ಇತ್ತು. ಏಳು ಮಾತುಗಳಲ್ಲಿ ಒಂದೂ ಅವನ ಪಕ್ಷಕ್ಕೆ ಬರುವುದಿಲ್ಲ. ಹತ್ತು ವರ್ಷಗಳಿಂದ ಆಜೀವದವರೆಗಿನ ದಂಡವು ಗ್ರಂಥದಲ್ಲಿರುವುದು ಅವನಂತಹವನಿಗಾಗಿಯೇ. ಅದನ್ನು ಗ್ರಂಥದಿಂದ ಕಟಕಟೆಗೆ ಇಳಿಸುವುದೊಂದೇ ಉಳಿದ ಕೆಲಸ. 2025ರಲ್ಲಿ ರಾಜ್ಯದ ವಿಧಾನಮಂಡಲವು ಅಂಗೀಕರಿಸಿದ ಹೊಸ ವಿಧೇಯಕದಲ್ಲಿ, ದೇವದಾಸಿಯರ ಮಕ್ಕಳು ತಮ್ಮ ತಂದೆಯನ್ನು ಗುರುತಿಸಿ ಹಕ್ಕನ್ನು ಕೇಳಲು ಅವಕಾಶವಿತ್ತುದು ಈ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಶತಮಾನಗಳಿಂದ ಹೆಸರಿಲ್ಲದೆ ತಪ್ಪಿಸಿಕೊಂಡಿದ್ದವನಿಗೆ ಕಾಯಿದೆಯು ಕೊನೆಗೂ ಹೆಸರನ್ನು ಕೇಳಿತು.

ಲೋಕದ ರಾಷ್ಟ್ರಗಳು ಅಪರಾಧಕ್ಕೆ ಹೆಸರಿಟ್ಟು ಅಳತೆಯನ್ನು ಬಿಟ್ಟುಕೊಟ್ಟುದು ಬರಿಯ ಅಲಕ್ಷ್ಯದಿಂದಲ್ಲ. ಬಲ, ವಿತ್ತ, ದೇಶ, ಕಾಲಗಳನ್ನು ಹತ್ತಿರದಲ್ಲಿದ್ದವರೇ ಚೆನ್ನಾಗಿ ಬಲ್ಲರೆಂಬ ನಂಬಿಕೆಯೂ ಅದರಲ್ಲಿದೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಹತ್ತಿರದಲ್ಲಿದ್ದವರ ಹೊಣೆ. ಹತ್ತಿರದಲ್ಲಿದ್ದವರೆಂದರೆ ನ್ಯಾಯಾಧೀಶರು ಮಾತ್ರವಲ್ಲ. ಕೌಟಿಲ್ಯನು ಕಿವಿಗೊಟ್ಟವನನ್ನೂ ದಂಡ್ಯನೆಂದು ಎಣಿಸಿದನೆಂಬುದನ್ನು ನಿಪ್ಪಾಣಿಯ ಪೇಟೆಯವರೂ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸುಶಿಕ್ಷಿತ ಗೃಹಸ್ಥರೂ ಒಮ್ಮೆ ನೆನೆಯಬೇಕು. ವಾದ್ಯದ ಸದ್ದು ಯಾವ ಮನೆಗೆ ಕೇಳಿಸಲಿಲ್ಲ? ಶಿಕ್ಷೆಯೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕಲಿಸುವುದೆಂಬುದೇ ಮೊದಲ ಅರ್ಥ. ದಂಡವೆಂಬ ಅರ್ಥವು ಆಮೇಲೆ ಬಂದುದು. ಕೇಳಿಯೂ ಸುಮ್ಮನಿದ್ದವರಿಗೆ ಎರಡನೆಯ ಅರ್ಥದ ಶಿಕ್ಷೆಯನ್ನು ಯಾವ ಕಾಯಿದೆಯೂ ವಿಧಿಸದಿರಬಹುದು. ಮೊದಲನೆಯ ಅರ್ಥದ ಶಿಕ್ಷೆಯಾದರೂ ಅವರಿಗೆ ಆಗಲೇಬೇಕು.